ಗೆಲುವು ಅಳಿಸಿಹೋದ ಮೇಲೆ ಬೆಲ್ಟ್ ಯಾರದು? ಗಾರ್ಸಿಯಾ–ಹೇನಿ ಪ್ರಕರಣ ಮತ್ತು ಅದಕ್ಕೂ ಹಿಂದಿನವು

ನೀಲಿ ಮೂಲೆ:

2024ರ ಏಪ್ರಿಲ್ 20ರ ರಾತ್ರಿ ಬ್ರೂಕ್ಲಿನ್‌ನ ಬಾರ್ಕ್ಲೇಸ್ ಸೆಂಟರ್‌ನಲ್ಲಿ ರಯಾನ್ ಗಾರ್ಸಿಯಾ ಮತ್ತು ಡೆವಿನ್ ಹೇನಿ ನಡುವೆ ನಡೆದ ಬಾಕ್ಸಿಂಗ್ ಹೋರಾಟವನ್ನು ಇಲ್ಲಿರುವ ಅನೇಕರು ನಮ್ಮ ಭಾನುವಾರದ ಬೆಳಗಿನಲ್ಲಿ ಕೂತು ನೋಡಿದ್ದೀರಿ. ಅದರ ಬಗ್ಗೆ ಈ ವೇದಿಕೆಯಲ್ಲಿ ಅಲ್ಲಲ್ಲಿ ಚದುರಿದ ಮಾತುಗಳು ಬಂದಿವೆ. ಗಾರ್ಸಿಯಾ ತಪ್ಪು ಮಾಡಿದರೋ ಇಲ್ಲವೋ ಎಂಬಲ್ಲಿಗೇ ಅವೆಲ್ಲ ಹೋಗಿ ನಿಲ್ಲುತ್ತಿವೆ. ನನಗೆ ಅದಕ್ಕಿಂತ ಮುಖ್ಯವೆನಿಸುವ ಪ್ರಶ್ನೆ ಬೇರೆ. ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದವರ ಗೆಲುವು ರದ್ದಾದಾಗ ಚಾಂಪಿಯನ್ ಪಟ್ಟದ ಗತಿ ಏನಾಗಬೇಕು, ಅದನ್ನು ತೀರ್ಮಾನಿಸುವವರು ಯಾರು, ಎಷ್ಟು ದಿನದೊಳಗೆ ಎಂಬುದನ್ನು ನಾವು ಒಮ್ಮೆ ಕ್ರಮವಾಗಿ ನೋಡಬೇಕು.

ಮೊದಲು ನಡೆದದ್ದನ್ನು ಹೇಳುತ್ತೇನೆ. 31 ಹೋರಾಟಗಳಲ್ಲಿ ಸೋಲನ್ನೇ ಕಾಣದಿದ್ದ ಹೇನಿ, ಪಟ್ಟ ಕೊಡುವ ಸಂಸ್ಥೆಗಳಲ್ಲೊಂದಾದ ಡಬ್ಲ್ಯುಬಿಸಿಯ ಸೂಪರ್ ಲೈಟ್‌ವೇಟ್ ಚಾಂಪಿಯನ್ ಆಗಿದ್ದರು. ತೂಕದ ಮಿತಿ 140 ಪೌಂಡ್. ಗಾರ್ಸಿಯಾ 143.2 ಪೌಂಡ್ ತೂಗಿದರು. ಆದ್ದರಿಂದ ಅವರು ಗೆದ್ದರೂ ಬೆಲ್ಟ್, ಅಂದರೆ ಚಾಂಪಿಯನ್ ಪಟ್ಟ, ಅವರಿಗೆ ಸಿಗುವುದಿಲ್ಲ ಎಂಬುದು ಗಂಟೆ ಬಾರಿಸುವ ಮುನ್ನವೇ ಖಚಿತವಾಗಿತ್ತು. ಹೇನಿ 7, 10 ಮತ್ತು 11ನೇ ಸುತ್ತುಗಳಲ್ಲಿ ನೆಲಕ್ಕುರುಳಿದರು. ಒಬ್ಬ ತೀರ್ಪುಗಾರರು 112–112 ಎಂದು ಸಮ ಮಾಡಿದರೆ ಉಳಿದಿಬ್ಬರು 114–110 ಮತ್ತು 115–109 ಅಂಕಗಳಿಂದ ಗಾರ್ಸಿಯಾ ಪರ ತೀರ್ಪಿತ್ತರು. ಮೇ 1ರಂದು ಹೊರಬಿದ್ದ ಸುದ್ದಿಯ ಪ್ರಕಾರ, ಹೋರಾಟದ ಹಿಂದಿನ ದಿನ ಮತ್ತು ಹೋರಾಟದ ದಿನ ಪಡೆದ ಎರಡೂ ಮಾದರಿಗಳಲ್ಲಿ ಆಸ್ಟರಿನ್ ಎಂಬ ನಿಷಿದ್ಧ ಮದ್ದು ಪತ್ತೆಯಾಗಿತ್ತು. ಮರುಪರೀಕ್ಷೆಗೆಂದು ತೆಗೆದಿಟ್ಟ ‘ಬಿ’ ಮಾದರಿಯೂ ಅದನ್ನೇ ಹೇಳಿತು. ಜೂನ್ 20ರಂದು ನ್ಯೂಯಾರ್ಕ್ ರಾಜ್ಯದ ಅಥ್ಲೆಟಿಕ್ ಆಯೋಗದೊಂದಿಗೆ ಆದ ಒಪ್ಪಂದದ ಪ್ರಕಾರ ಗಾರ್ಸಿಯಾ ಅವರಿಗೆ ಒಂದು ವರ್ಷದ ನಿಷೇಧ ಮತ್ತು 10,000 ಡಾಲರ್ ದಂಡ ವಿಧಿಸಲಾಯಿತು, ಹೋರಾಟದ ಅಧಿಕೃತ ಸಂಭಾವನೆಯಾದ ಸುಮಾರು 11 ಲಕ್ಷ ಡಾಲರನ್ನು ಅವರು ಬಿಟ್ಟುಕೊಡಬೇಕಾಯಿತು, ಗೆಲುವನ್ನು ಅಳಿಸಿ ‘ನೋ ಕಾಂಟೆಸ್ಟ್’ (ಯಾರ ಗೆಲುವೂ ಅಲ್ಲ, ಸೋಲೂ ಅಲ್ಲ) ಎಂದು ಬರೆಯಲಾಯಿತು. ತಾನು ತಿಳಿದು ಸೇವಿಸಿಲ್ಲ, ಸಪ್ಲಿಮೆಂಟಿನಲ್ಲಿ ಕಲಬೆರಕೆಯಾಗಿತ್ತು ಎಂಬುದು ಗಾರ್ಸಿಯಾ ಅವರ ನಿಲುವು. ಅದನ್ನೂ ಇಲ್ಲಿ ದಾಖಲಿಸುವುದು ನ್ಯಾಯ.

ಈಗ ಗಮನಿಸಿ. ಹೇನಿ ಬಳಿ ಬೆಲ್ಟ್ ಉಳಿದದ್ದು ತಕ್ಕಡಿಯ ಮುಳ್ಳಿನಿಂದ. ಪ್ರಯೋಗಾಲಯದ ವರದಿಗೆ ಅದರಲ್ಲಿ ಯಾವ ಪಾತ್ರವೂ ಇರಲಿಲ್ಲ. ಗಾರ್ಸಿಯಾ 140 ಪೌಂಡ್ ತೂಗಿದ್ದರೆ ಆ ರಾತ್ರಿಯೇ ಬೆಲ್ಟನ್ನು ಅವರ ಸೊಂಟಕ್ಕೆ ಕಟ್ಟುತ್ತಿದ್ದರು, ಎರಡು ತಿಂಗಳ ನಂತರ ಆಯೋಗ ಗೆಲುವನ್ನು ಅಳಿಸುತ್ತಿತ್ತು. ಆಗ ಬೆಲ್ಟ್ ತಾನಾಗಿ ಹೇನಿಗೆ ಮರಳುತ್ತಿತ್ತೇ? ಮರಳಲೇಬೇಕೆಂದು ಆಯೋಗ ಹೇಳಲಾರದು, ಏಕೆಂದರೆ ಬೆಲ್ಟ್ ಆಯೋಗದ ಸ್ವತ್ತಲ್ಲ. ವೃತ್ತಿಪರ ಬಾಕ್ಸಿಂಗಿನಲ್ಲಿ ಫಲಿತಾಂಶದ ಪುಸ್ತಕ ಸ್ಥಳೀಯ ಆಯೋಗದ ಕೈಯಲ್ಲಿದೆ, ಪಟ್ಟದ ಪುಸ್ತಕ ಡಬ್ಲ್ಯುಬಿಸಿ, ಡಬ್ಲ್ಯುಬಿಎ, ಐಬಿಎಫ್, ಡಬ್ಲ್ಯುಬಿಒ ಎಂಬ ನಾಲ್ಕು ಖಾಸಗಿ ಸಂಸ್ಥೆಗಳ ಕೈಯಲ್ಲಿದೆ, ಪರೀಕ್ಷೆಯ ಕಾಗದ ಮೂರನೆಯವರ ಕೈಯಲ್ಲಿದೆ. ಈ ಮೂವರ ಗಡಿಯಾರಗಳು ಬೇರೆ ಬೇರೆ.

ನನ್ನ ಸಲಹೆ ಇಷ್ಟೇ: ಹೋರಾಟದ ಹಿಂದಿನ ಮತ್ತು ಹೋರಾಟದ ದಿನದ ಮಾದರಿಗಳ ವರದಿ ಬರುವವರೆಗೆ ಯಾರ ಸೊಂಟಕ್ಕೂ ಹೊಸದಾಗಿ ಬೆಲ್ಟ್ ಕಟ್ಟಬಾರದು. ಗೆದ್ದವರು ಗೆದ್ದವರೇ. ಆದರೆ ವರದಿ ಬಂದ ಮೇಲೆಯೇ ಅವರನ್ನು ಚಾಂಪಿಯನ್ ಎನ್ನಬೇಕು.

ಜೆರ್ಸಿ ಕನ್ನಡಿಗ:

ನಾನು ಆ ರಾತ್ರಿ ಬಾರ್ಕ್ಲೇಸ್ ಸೆಂಟರ್‌ನ ಮೇಲಿನ ಸಾಲಿನಲ್ಲಿ ಕುಳಿತಿದ್ದೆ. ಒಂದು ವಿವರವನ್ನು ಸೇರಿಸುತ್ತೇನೆ. ಏಳನೇ ಸುತ್ತಿನಲ್ಲಿ ರೆಫರಿ ಬಿಡಿಸುವಾಗ ಹೊಡೆದದ್ದಕ್ಕಾಗಿ ಗಾರ್ಸಿಯಾ ಒಂದು ಅಂಕವನ್ನೂ ಕಳೆದುಕೊಂಡರು. ಹಾಗಾಗಿ ಅಂಕಪಟ್ಟಿ ತೋರಿಸುವುದಕ್ಕಿಂತ ಅಂತರ ದೊಡ್ಡದಾಗಿತ್ತು. ನನ್ನ ಸುತ್ತಮುತ್ತಲಿದ್ದವರಿಗೆ ಗೆದ್ದವರು ಯಾರೆಂಬ ಬಗ್ಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಈಗ ‘ನೋ ಕಾಂಟೆಸ್ಟ್’ ಎಂದು ಬರೆದಿದ್ದಾರೆ. ಹೇನಿ ಮತ್ತೆ ಸೋಲಿಲ್ಲದ ಸರದಾರ. ಆದರೆ ಮೂರು ಸಲ ಕೆಳಗೆ ಬಿದ್ದ ದೇಹವನ್ನು ಯಾವ ಆಯೋಗ ಮೊದಲಿನಂತೆ ಮಾಡೀತು? ಅದೇ ಜೂನ್ ತಿಂಗಳಲ್ಲಿ ಡಬ್ಲ್ಯುಬಿಸಿ ಹೇನಿಯನ್ನು ‘ವಿರಾಮದಲ್ಲಿರುವ ಚಾಂಪಿಯನ್’ ಎಂದು ಘೋಷಿಸಿ, ಮಧ್ಯಂತರ ಚಾಂಪಿಯನ್ ಆಗಿದ್ದ ಆಲ್ಬರ್ಟೊ ಪುಯೆಲೊ ಅವರನ್ನು ಪೂರ್ಣ ಚಾಂಪಿಯನ್ ಮಾಡಿತು. ಎಂದರೆ ಸೋಲು ಅಳಿಸಿದ ತಿಂಗಳೇ ಪಟ್ಟವೂ ಕೈಬಿಟ್ಟಿತು. ಸೆಪ್ಟೆಂಬರ್‌ನಲ್ಲಿ ಹೇನಿ ನ್ಯಾಯಾಲಯದ ಮೆಟ್ಟಿಲೇರಿದರು. ಈ ಮನುಷ್ಯನಿಗೆ ಮೋಸವಾಗಿದೆ ಎಂದು ನೀವು ಹೇಳುತ್ತಿರುವುದು ಸರಿ. ಆದರೆ ಬೆಲ್ಟನ್ನು ಕಪಾಟಿನಲ್ಲಿ ಹತ್ತು ದಿನ ಇಟ್ಟ ಮಾತ್ರಕ್ಕೆ ಆ ಮೋಸ ಸರಿಹೋಗುವುದು ಹೇಗೆ?

ಇನ್ನೊಂದು ಮಾತು. ನಾನು ಅಂದು ಗಾರ್ಸಿಯಾ ಗೆದ್ದಾಗ ಎದ್ದು ನಿಂತು ಚಪ್ಪಾಳೆ ತಟ್ಟಿದವನು. ಅದನ್ನು ಹಿಂತೆಗೆದುಕೊಳ್ಳಬೇಕೋ ಬೇಡವೋ ಎಂದು ಇಂದಿಗೂ ನನಗೆ ತೀರ್ಮಾನಿಸಲು ಆಗಿಲ್ಲ. ಅಷ್ಟು ಅತ್ಯಲ್ಪ ಪ್ರಮಾಣದ ಮದ್ದು ಸಿಕ್ಕಿತು ಎನ್ನುತ್ತಾರೆ. ಅಷ್ಟರಿಂದ ಏನಾದೀತು ಎಂಬುದನ್ನು ಬಲ್ಲವರು ಯಾರಾದರೂ ಹೇಳಿ.

ಪ್ರಯೋಗಾಲಯದಿಂದ:

ಬೆಂಗಳೂರಿನ ಒಂದು ಔಷಧ ಕಂಪನಿಯಲ್ಲಿ ಹದಿನಾಲ್ಕು ವರ್ಷಗಳಿಂದ ದ್ರವ್ಯರಾಶಿ ಮಾಪನದ ಯಂತ್ರಗಳ ಮುಂದೆ ಕೆಲಸ ಮಾಡುತ್ತಿರುವವಳು ನಾನು. ಕ್ರೀಡಾ ಪರೀಕ್ಷೆ ನನ್ನ ಕ್ಷೇತ್ರವಲ್ಲ, ಆದರೆ ಯಂತ್ರ ಅದೇ, ಅದರ ಮಿತಿಗಳೂ ಅವೇ. ಜೆರ್ಸಿ ಸರ್ ಕೇಳಿದ ಪ್ರಶ್ನೆಗೆ ನನ್ನಿಂದಾದಷ್ಟು ಉತ್ತರಿಸುತ್ತೇನೆ.

ಒಂದು ಗ್ರಾಮಿನ ನೂರು ಕೋಟಿ ಭಾಗಗಳಲ್ಲಿ ಒಂದು ಭಾಗ ನ್ಯಾನೊಗ್ರಾಂ. ಒಂದು ಮಿಲಿಲೀಟರ್ ಮೂತ್ರದಲ್ಲಿ ಅದರ ಒಂದಂಶವಿದ್ದರೂ ಇಂದಿನ ಯಂತ್ರಗಳು ಹಿಡಿಯುತ್ತವೆ. ಇದನ್ನು ಕೇಳಿದ ತಕ್ಷಣ ‘ಇಷ್ಟು ಕಡಿಮೆ ಸಿಕ್ಕಿದೆ, ಆದ್ದರಿಂದ ಇಷ್ಟೇ ಸೇವಿಸಿದ್ದಾರೆ’ ಎಂದು ಹೇಳಿಬಿಡುತ್ತಾರೆ. ಅದು ಸರಿಯಲ್ಲ. ಇಂದು ಆಕಸ್ಮಿಕವಾಗಿ ಹೊಟ್ಟೆಗೆ ಹೋದ ಕಣವೂ ವಾರಗಳ ಹಿಂದೆ ಉದ್ದೇಶಪೂರ್ವಕವಾಗಿ ತೆಗೆದುಕೊಂಡ ದೊಡ್ಡ ಪ್ರಮಾಣದ ಬಾಲವೂ ಮೂತ್ರದಲ್ಲಿ ಒಂದೇ ಅಂಕಿಯನ್ನು ತೋರಿಸಬಹುದು. ಎಷ್ಟು ನೀರು ಕುಡಿದಿದ್ದರು ಎಂಬುದರ ಮೇಲೂ ಅಂಕಿ ಬದಲಾಗುತ್ತದೆ. ತೂಕ ಇಳಿಸಲು ನೀರು ಬಿಡುವ ಬಾಕ್ಸರುಗಳಲ್ಲಿ ಇದು ಸಣ್ಣ ಸಂಗತಿಯೇನಲ್ಲ. ಯಂತ್ರ ‘ಇದೆ’ ಎಂದು ಹೇಳಬಲ್ಲದು. ‘ಹೇಗೆ ಬಂತು’ ಎಂದು ಹೇಳಲಾರದು. ‘ಎ’ ಮತ್ತು ‘ಬಿ’ ಎಂಬುವು ಒಂದೇ ಬಾರಿಗೆ ಪಡೆದ ಮೂತ್ರವನ್ನು ಎರಡು ಬಾಟಲಿಗೆ ಹಂಚಿ ಮುದ್ರೆ ಹಾಕಿದವುಗಳು. ‘ಬಿ’ ಬಾಟಲಿ ತೆರೆಯುವಾಗ ಕ್ರೀಡಾಪಟು ಅಥವಾ ಅವರ ಪ್ರತಿನಿಧಿ ಎದುರಿಗೆ ಇರಬಹುದು. ಎರಡನೆಯದೂ ಹೊಂದಿಕೆಯಾದರೆ ಪ್ರಯೋಗಾಲಯ ತಪ್ಪು ಮಾಡಿಲ್ಲ ಎಂದಷ್ಟೇ ಅರ್ಥ. ‘ಬಿ’ ಬಂದರೆ ಉದ್ದೇಶ ಸಾಬೀತಾಯಿತು ಎಂದು ಇಲ್ಲಿ ಹಲವರು ಬರೆದಿದ್ದೀರಿ, ದಯವಿಟ್ಟು ಹಾಗೆ ಭಾವಿಸಬೇಡಿ.

ಮದ್ದು ಯಾವುದು ಎಂಬುದು ಇಲ್ಲಿ ಬಹಳ ಮುಖ್ಯ. ಕ್ಲೆನ್‌ಬುಟೆರಾಲ್ ಕತೆಯೇ ಬೇರೆ. ಮೆಕ್ಸಿಕೋದಲ್ಲಿ ದನಗಳ ಮಾಂಸದಲ್ಲಿ ಕೊಬ್ಬು ಕಡಿಮೆಯಾಗಲೆಂದು ಅದನ್ನು ಮೇವಿಗೆ ಬೆರೆಸುವ ಕೆಟ್ಟ ರೂಢಿ ಇತ್ತು. 2011ರಲ್ಲಿ ಅಲ್ಲಿ ನಡೆದ 17 ವರ್ಷದೊಳಗಿನವರ ವಿಶ್ವಕಪ್ ಫುಟ್‌ಬಾಲ್‌ನಲ್ಲಿ 208 ಮಾದರಿಗಳ ಪೈಕಿ 109ರಲ್ಲಿ ಕ್ಲೆನ್‌ಬುಟೆರಾಲ್ ಕುರುಹು ಸಿಕ್ಕಿತು. ಇಷ್ಟೊಂದು ದೇಶಗಳ ಹುಡುಗರು ಒಟ್ಟಾಗಿ ಮದ್ದು ನುಂಗಿದರು ಎಂದು ಯಾರೂ ನಂಬಲಿಲ್ಲ. 2018ರ ಫೆಬ್ರುವರಿಯಲ್ಲಿ ಮೆಕ್ಸಿಕೋದ ಬಾಕ್ಸರ್ ಕನೆಲೊ ಆಲ್ವರೆಜ್ ಅವರ ಮಾದರಿಯಲ್ಲಿ ಸಿಕ್ಕ ಪ್ರಮಾಣ ಮಿಲಿಲೀಟರಿಗೆ ಒಂದು ನ್ಯಾನೊಗ್ರಾಮಿಗಿಂತಲೂ ಕಡಿಮೆ. ಮುಂದಿನ ವರ್ಷ, 2019ರ ಜೂನ್‌ನಿಂದ, ವಿಶ್ವ ಉದ್ದೀಪನ ಮದ್ದು ತಡೆ ಘಟಕವಾದ ವಾಡಾ ತನ್ನ ಕ್ರಮವನ್ನೇ ಬದಲಿಸಿ, ಮಿಲಿಲೀಟರಿಗೆ 5 ನ್ಯಾನೊಗ್ರಾಂವರೆಗೆ ಕ್ಲೆನ್‌ಬುಟೆರಾಲ್ ಸಿಕ್ಕರೆ ಅದನ್ನು ನೇರ ಅಪರಾಧವೆನ್ನದೆ ಮೊದಲು ವಿಚಾರಿಸಬೇಕು ಎಂದಿತು.

ಆಸ್ಟರಿನ್ ಹಾಗಲ್ಲ. ಅದು ಯಾವ ದನದ ಮೇವಿನಲ್ಲೂ ಇರುವುದಿಲ್ಲ. ಸ್ನಾಯು ಬೆಳೆಸುವ ಸ್ಟೆರಾಯ್ಡ್‌ಗಳಿಗೆ ಪರ್ಯಾಯವಾಗಿ ಸಂಶೋಧನೆಗೆ ಸಿದ್ಧಪಡಿಸಿದ ರಾಸಾಯನಿಕ ಅದು. ಆದರೆ ಅಂತರ್ಜಾಲದಲ್ಲಿ ಪುಡಿಯಾಗಿ ಮಾರಾಟವಾಗುತ್ತದೆ, ಅದೇ ಯಂತ್ರಗಳಲ್ಲಿ ತಯಾರಾದ ಬೇರೆ ಸಪ್ಲಿಮೆಂಟುಗಳಲ್ಲಿಯೂ ಕಾಣಿಸಿಕೊಂಡಿರುವ ಉದಾಹರಣೆಗಳಿವೆ. ಹಾಗಾಗಿ ಕಲಬೆರಕೆಯ ವಾದವನ್ನು ಕೇಳಿದ ಕೂಡಲೇ ನಗುವುದೂ ತಪ್ಪು, ಒಪ್ಪಿಬಿಡುವುದೂ ತಪ್ಪು. ಮುದ್ರೆ ಒಡೆಯದ, ಅದೇ ಬ್ಯಾಚಿನ ಡಬ್ಬಿಯಲ್ಲಿ ಅದೇ ವಸ್ತು ಸಿಕ್ಕಿದೆಯೇ ಎಂಬುದೊಂದೇ ನಾನು ಕೇಳುವ ಪ್ರಶ್ನೆ. ಒಡೆದ ಡಬ್ಬಿಯ ಸಾಕ್ಷ್ಯಕ್ಕೆ ನಮ್ಮ ವೃತ್ತಿಯಲ್ಲಿ ಬೆಲೆ ಕಡಿಮೆ.

ಒಂದು ಸಣ್ಣ ತಿದ್ದುಪಡಿಯನ್ನೂ ಕೋರುತ್ತೇನೆ. ಈ ವೇದಿಕೆಯಲ್ಲಿ ಹಲವರು ಗಾರ್ಸಿಯಾ ಅವರನ್ನು ‘ವಾಡಾ’ ಪರೀಕ್ಷಿಸಿತು ಎಂದು ಬರೆದಿದ್ದೀರಿ. ಎರಡು ಹೆಸರುಗಳನ್ನು ಕನ್ನಡದಲ್ಲಿ ಬರೆದಾಗ ಒಂದೇ ಆಗಿಬಿಡುವುದರಿಂದ ಈ ಗೊಂದಲ. ಅವರನ್ನು ಪರೀಕ್ಷಿಸಿದ್ದು ಲಾಸ್ ವೇಗಾಸ್‌ನ ವೈದ್ಯೆ ಮಾರ್ಗರೆಟ್ ಗುಡ್‌ಮನ್ 2011ರಲ್ಲಿ ಕಟ್ಟಿದ, ಸ್ವಯಂಪ್ರೇರಿತ ಪರೀಕ್ಷೆಯ ವಿಎಡಿಎ ಸಂಸ್ಥೆ. ಅದು ಪರೀಕ್ಷಿಸಿ ವರದಿ ಕಳುಹಿಸುತ್ತದೆ ಅಷ್ಟೇ. ಯಾರನ್ನೂ ಶಿಕ್ಷಿಸುವ ಅಧಿಕಾರ ಅದಕ್ಕಿಲ್ಲ.

ಹನ್ನೆರಡನೇ ಸುತ್ತು:

ನೀಲಿ ಮೂಲೆಯವರ ಪ್ರಶ್ನೆಗೆ ನಿಜವಾದ ಉತ್ತರ ಗಾರ್ಸಿಯಾ ಪ್ರಕರಣದಲ್ಲಿಲ್ಲ, ಪೀಟರ್ಸನ್ ಪ್ರಕರಣದಲ್ಲಿದೆ. 2011ರ ಡಿಸೆಂಬರ್ 10ರಂದು ವಾಷಿಂಗ್ಟನ್‌ನಲ್ಲಿ ಲಾಮಾಂಟ್ ಪೀಟರ್ಸನ್ ತಮ್ಮ ತವರಿನ ಜನರೆದುರು ಬ್ರಿಟನ್ನಿನ ಅಮೀರ್ ಖಾನ್ ಅವರನ್ನು ವಿಭಜಿತ ತೀರ್ಪಿನಿಂದ ಸೋಲಿಸಿ ಡಬ್ಲ್ಯುಬಿಎ ಮತ್ತು ಐಬಿಎಫ್ ಎಂಬ ಎರಡು ಬೆಲ್ಟುಗಳನ್ನು ಒಟ್ಟಿಗೆ ಗೆದ್ದರು. ತಳ್ಳಿದರೆಂದು ಖಾನ್ ಅವರಿಂದ ರೆಫರಿ ಎರಡು ಅಂಕ ಕಡಿದಿದ್ದರು, ಇಬ್ಬರು ತೀರ್ಪುಗಾರರ ಪಟ್ಟಿಯಲ್ಲಿ ಅಂತರ 113–112, ಕೇವಲ ಒಂದೇ ಅಂಕ. ಮರುಹೋರಾಟ 2012ರ ಮೇ 19ಕ್ಕೆ ನಿಗದಿಯಾಗಿತ್ತು. ಅದಕ್ಕಾಗಿ ವಿಎಡಿಎ ಪಡೆದ ಮಾದರಿಯಲ್ಲಿ ಕೃತಕ ಟೆಸ್ಟೊಸ್ಟೆರೋನ್ ಸಿಕ್ಕಿತು, ಮರುಹೋರಾಟ ರದ್ದಾಯಿತು. ಪೀಟರ್ಸನ್ ಅವರ ವಿವರಣೆ ಏನೆಂದರೆ, ದೇಹದಲ್ಲಿ ಆ ಹಾರ್ಮೋನ್ ಕಡಿಮೆಯಿದೆ ಎಂದು ವೈದ್ಯರು 2011ರ ನವೆಂಬರ್‌ನಲ್ಲಿ ಚರ್ಮದಡಿ ಗುಳಿಗೆಗಳನ್ನು ಇಟ್ಟಿದ್ದರು. ನವೆಂಬರ್ ಎಂದರೆ ಮೊದಲ ಹೋರಾಟಕ್ಕೂ ಮುನ್ನ. ಅಂದರೆ ಎರಡನೇ ಹೋರಾಟಕ್ಕಾಗಿ ಪಡೆದ ಮಾದರಿ ಮೊದಲ ಹೋರಾಟದ ಗೆಲುವನ್ನೇ ಅನುಮಾನಕ್ಕೆ ದೂಡಿತು.

ಮುಂದೆ ನಡೆದದ್ದು ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆದಂತೆ. ಡಬ್ಲ್ಯುಬಿಎ ತನ್ನ ಬೆಲ್ಟನ್ನು ಕಿತ್ತುಕೊಂಡು 2012ರ ಜುಲೈನಲ್ಲಿ ಖಾನ್ ಅವರಿಗೆ ಮರಳಿಸಿತು. ಐಬಿಎಫ್ ವೈದ್ಯಕೀಯ ಅಭಿಪ್ರಾಯ ಪಡೆದು, ಇದು ಚಿಕಿತ್ಸೆಯ ಮಟ್ಟದ ಬಳಕೆ ಎಂದು ಒಪ್ಪಿ, ಪೀಟರ್ಸನ್ ಬಳಿಯೇ ತನ್ನ ಬೆಲ್ಟನ್ನು ಉಳಿಸಿತು. ಫಲಿತಾಂಶದ ಪಟ್ಟಿಯಲ್ಲಿ ಪೀಟರ್ಸನ್ ಗೆಲುವು ಹಾಗೆಯೇ ನಿಂತಿತು. ಒಂದೇ ರಾತ್ರಿ, ಒಂದೇ ಕಣ, ಒಂದೇ ಜೋಡಿ. ಡಬ್ಲ್ಯುಬಿಎ ಪ್ರಕಾರ ಖಾನ್ ಚಾಂಪಿಯನ್, ಐಬಿಎಫ್ ಪ್ರಕಾರ ಪೀಟರ್ಸನ್ ಚಾಂಪಿಯನ್, ದಾಖಲೆಯ ಪ್ರಕಾರ ಖಾನ್ ಸೋತವರು. ಸೋತವರೆಂದು ಬರೆದಿರುವಾಗಲೇ ಬೆಲ್ಟ್ ಪಡೆದ ಖಾನ್ ಅದನ್ನು ಸಂಭ್ರಮಿಸುವ ಮೊದಲೇ ಜುಲೈ 14ರಂದು ಡ್ಯಾನಿ ಗಾರ್ಸಿಯಾ (ಇವರು ರಯಾನ್ ಅಲ್ಲ, ಬೇರೆ ಬಾಕ್ಸರ್) ಎದುರು ನಾಲ್ಕನೇ ಸುತ್ತಿನಲ್ಲಿ ಕಳೆದುಕೊಂಡರು.

ಇದಕ್ಕೆ ಹೋಲಿಸಿದರೆ ಅದಕ್ಕೂ ಮೊದಲಿನ ಟೋನಿ–ರೂಯಿಜ್ ಪ್ರಕರಣ ಎಷ್ಟು ಸ್ಪಷ್ಟವಾಗಿತ್ತು ನೋಡಿ. 2005ರ ಏಪ್ರಿಲ್ 30ರಂದು ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಜೇಮ್ಸ್ ಟೋನಿ ಅವರು ಜಾನ್ ರೂಯಿಜ್ ಅವರನ್ನು ಅಂಕಗಳಿಂದ ಸೋಲಿಸಿ ಡಬ್ಲ್ಯುಬಿಎ ಹೆವಿವೇಟ್ ಪಟ್ಟ ಗೆದ್ದರು. ಸೋತ ರೂಯಿಜ್ ನಿವೃತ್ತಿಯನ್ನೇ ಘೋಷಿಸಿದ್ದರು. ಪರೀಕ್ಷೆಯಲ್ಲಿ ಟೋನಿ ಸಿಕ್ಕಿಬಿದ್ದರು. ನ್ಯೂಯಾರ್ಕ್ ಆಯೋಗ ಗೆಲುವನ್ನು ‘ನೋ ಕಾಂಟೆಸ್ಟ್’ ಮಾಡಿತು, ಡಬ್ಲ್ಯುಬಿಎ ಪಟ್ಟವನ್ನು ರೂಯಿಜ್‌ಗೆ ಮರಳಿಸಿತು, ಅವರು ನಿವೃತ್ತಿಯಿಂದ ಹಿಂದೆ ಸರಿದರು. ಆಯೋಗವೂ ಪಟ್ಟ ಕೊಡುವ ಸಂಸ್ಥೆಯೂ ಒಂದೇ ದಿಕ್ಕಿನಲ್ಲಿ ನಡೆದ ಉದಾಹರಣೆ ಇದು.

ನೀಲಿ ಮೂಲೆಯವರೇ, ನಿಮ್ಮ ಸಲಹೆಯನ್ನು ಪೀಟರ್ಸನ್ ಪ್ರಕರಣದ ಮೇಲೆ ಇಟ್ಟು ನೋಡಿ. ಹೋರಾಟದ ದಿನದ ವರದಿ ಬರುವವರೆಗೆ ಬೆಲ್ಟ್ ಕಟ್ಟಬಾರದು ಎನ್ನುತ್ತೀರಿ. ಆದರೆ ಅಲ್ಲಿ ಸಿಕ್ಕಿದ್ದು ನಂತರದ ವರ್ಷದ ಮಾದರಿಯಲ್ಲಿ. ನಿಮ್ಮ ನಿಯಮ ಅದನ್ನು ಮುಟ್ಟುವುದೇ ಇಲ್ಲ.

ಪ್ರಯೋಗಾಲಯದಿಂದ:

ಹನ್ನೆರಡನೇ ಸುತ್ತು ಅವರ ಮಾತಿಗೆ ಒಂದು ತಾಂತ್ರಿಕ ಸೇರ್ಪಡೆ. ಟೆಸ್ಟೊಸ್ಟೆರೋನ್ ಎಲ್ಲರ ದೇಹದಲ್ಲೂ ಇರುವ ವಸ್ತು. ಹಾಗಾಗಿ ಮಾಮೂಲಿ ಪರೀಕ್ಷೆ ಅದಕ್ಕೂ ಎಪಿಟೆಸ್ಟೊಸ್ಟೆರೋನ್‌ಗೂ ಇರುವ ಅನುಪಾತವನ್ನಷ್ಟೇ ನೋಡುತ್ತದೆ. ಹೊರಗಿನಿಂದ ಬಂದದ್ದೇ ಎಂದು ಹೇಳಲು ಇಂಗಾಲದ ಐಸೊಟೋಪುಗಳ ಅನುಪಾತ ಅಳೆಯಬೇಕು, ಏಕೆಂದರೆ ಸೋಯಾದಂಥ ಸಸ್ಯಮೂಲದಿಂದ ತಯಾರಾದ ಹಾರ್ಮೋನಿನ ಇಂಗಾಲ ನಮ್ಮ ದೇಹ ತಯಾರಿಸುವ ಹಾರ್ಮೋನಿನ ಇಂಗಾಲಕ್ಕಿಂತ ಸ್ವಲ್ಪ ಬೇರೆ. ಪೀಟರ್ಸನ್ ಪ್ರಕರಣ ಬೆಳಕಿಗೆ ಬಂದದ್ದು ಈ ಪರೀಕ್ಷೆಯಿಂದ. ಆ ಪರೀಕ್ಷೆ ದುಬಾರಿ, ಎಲ್ಲ ಆಯೋಗಗಳೂ ಪ್ರತಿ ಹೋರಾಟಕ್ಕೂ ಅದನ್ನು ಮಾಡಿಸುವುದಿಲ್ಲ. ಚರ್ಮದಡಿಯ ಗುಳಿಗೆ ತಿಂಗಳುಗಟ್ಟಲೆ ನಿಧಾನವಾಗಿ ಮದ್ದನ್ನು ಬಿಡುತ್ತದೆ. ಆದ್ದರಿಂದ ಮಾದರಿ ಪಡೆದ ದಿನಾಂಕ ಮತ್ತು ಲಾಭ ಪಡೆದ ದಿನಾಂಕ ಒಂದೇ ಆಗಿರಬೇಕಿಲ್ಲ.

ಧಾರವಾಡದ ವಕೀಲ:

ಚರ್ಚೆ ಚೆನ್ನಾಗಿ ಸಾಗಿದೆ. ಸಿವಿಲ್ ದಾವೆಗಳಲ್ಲಿ ಇಪ್ಪತ್ತು ವರ್ಷ ಕಳೆದವನಾಗಿ ಒಂದು ಹೋಲಿಕೆ ಕೊಡುತ್ತೇನೆ. ಪಹಣಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಜಮೀನಿನ ಒಡೆತನ ಸಾಬೀತಾಗುವುದಿಲ್ಲ ಎಂದು ನಮ್ಮ ನ್ಯಾಯಾಲಯಗಳು ಎಷ್ಟೋ ಸಲ ಹೇಳಿವೆ. ಪಹಣಿ ಕಂದಾಯ ಇಲಾಖೆಯದು, ಒಡೆತನದ ತೀರ್ಮಾನ ಸಿವಿಲ್ ನ್ಯಾಯಾಲಯದ್ದು. ಆದರೂ ಹಳ್ಳಿಯಲ್ಲಿ ಪಹಣಿ ಯಾರ ಹೆಸರಿನಲ್ಲಿದೆಯೋ ಅವರನ್ನೇ ಜನ ಯಜಮಾನರೆನ್ನುತ್ತಾರೆ. ಬಾಕ್ಸಿಂಗಿನ ಬೆಲ್ಟೂ ಹಾಗೆಯೇ. ಆಯೋಗದ ದಾಖಲೆ ಏನೇ ಹೇಳಲಿ, ಬೆಲ್ಟ್ ಯಾರ ಹೆಗಲ ಮೇಲಿದೆಯೋ ಅವರೊಂದಿಗೆ ದೂರದರ್ಶನದ ಒಪ್ಪಂದಗಳು ನಡೆಯುತ್ತವೆ.

ಅಮೆರಿಕದಲ್ಲಿ 1996ರ ವೃತ್ತಿಪರ ಬಾಕ್ಸಿಂಗ್ ಸುರಕ್ಷತಾ ಕಾಯ್ದೆ ಒಂದು ರಾಜ್ಯದಲ್ಲಿ ಪರೀಕ್ಷೆಯಲ್ಲಿ ಸಿಕ್ಕಿಬಿದ್ದು ಅಮಾನತಾದವರು ಇನ್ನೊಂದು ರಾಜ್ಯಕ್ಕೆ ಓಡಿಹೋಗಿ ಆಡದಂತೆ ತಡೆಯುತ್ತದೆ. ಮೊಹಮ್ಮದ್ ಅಲಿ ಹೆಸರಿನ 2000ದ ಕಾಯ್ದೆ ಪಟ್ಟ ಕೊಡುವ ಸಂಸ್ಥೆಗಳು ತಮ್ಮ ಶ್ರೇಯಾಂಕದ ಮಾನದಂಡವನ್ನು ಬಹಿರಂಗಪಡಿಸಬೇಕು ಎನ್ನುತ್ತದೆ. ಆದರೆ ಗೆಲುವು ರದ್ದಾದರೆ ಪಟ್ಟವನ್ನು ಇಂಥವರಿಗೆ ಮರಳಿಸಬೇಕು ಎಂದು ಎರಡೂ ಹೇಳುವುದಿಲ್ಲ. ಇಡೀ ಗೊಂದಲದ ಬೇರು ಈ ಖಾಲಿ ಜಾಗದಲ್ಲಿದೆ.

ಇನ್ನು ಸಾಬೀತಿನ ಹೊರೆಯ ಮಾತು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂಬುದು ಉದ್ದೀಪನ ಮದ್ದಿನ ನಿಯಮಗಳ ಮೂಲತತ್ತ್ವ: ನಿಮ್ಮ ದೇಹದಲ್ಲಿ ಸಿಕ್ಕಿದ್ದಕ್ಕೆ ನೀವೇ ಹೊಣೆ. ಆದರೆ ಆ ನಿಯಮವನ್ನು ಯಾರು ಜಾರಿ ಮಾಡುತ್ತಾರೆ ಎಂಬಲ್ಲಿ ಎಲ್ಲವೂ ಸಡಿಲವಾಗುತ್ತದೆ. ಬ್ರಿಟನ್ನಿನ ಬಾಕ್ಸರ್ ಕಾನರ್ ಬೆನ್ ಪ್ರಕರಣವನ್ನು ನೋಡಿ. 2022ರ ಅಕ್ಟೋಬರ್ 8ರಂದು ಲಂಡನ್ನಿನಲ್ಲಿ ಕ್ರಿಸ್ ಯುಬ್ಯಾಂಕ್ ಜೂನಿಯರ್ ಜೊತೆ ನಡೆಯಬೇಕಿದ್ದ ಹೋರಾಟ, ಬೆನ್ ಮಾದರಿಯಲ್ಲಿ ಕ್ಲೋಮಿಫೀನ್ ಎಂಬ ನಿಷಿದ್ಧ ಮದ್ದು ಸಿಕ್ಕಿದ ಕಾರಣ, ಅದೇ ವಾರ ರದ್ದಾಯಿತು. 2023ರ ಫೆಬ್ರುವರಿಯಲ್ಲಿ ಡಬ್ಲ್ಯುಬಿಸಿ, ಮೊಟ್ಟೆಗಳನ್ನು ವಿಪರೀತವಾಗಿ ತಿಂದದ್ದು ಇದಕ್ಕೆ ಸಕಾರಣ ವಿವರಣೆಯಾಗಬಹುದು ಎಂದು ಅವರನ್ನು ಶ್ರೇಯಾಂಕಕ್ಕೆ ಮರಳಿಸಿತು. ಬ್ರಿಟನ್ನಿನ ಉದ್ದೀಪನ ಮದ್ದು ತಡೆ ಸಂಸ್ಥೆ ಅದನ್ನು ಒಪ್ಪದೆ ಆರೋಪ ಹೊರಿಸಿತು. ಆ ವಿಚಾರಣೆ ಮುಗಿಯದಿರುವಾಗಲೇ ಬೆನ್ ಅಮೆರಿಕದ ಫ್ಲಾರಿಡಾ ಮತ್ತು ನೆವಾಡಾದಲ್ಲಿ ಹೋರಾಡಿದರು. ಕೊನೆಗೆ 2024ರ ನವೆಂಬರ್‌ನಲ್ಲಿ ಸ್ವತಂತ್ರ ಮಂಡಳಿ, ಆರೋಪ ಸಾಬೀತಾಗಿದೆ ಎಂದು ತನಗೆ ಮನವರಿಕೆಯಾಗಿಲ್ಲ ಎಂದು ಪ್ರಕರಣವನ್ನು ಮುಗಿಸಿತು. ಎರಡು ವರ್ಷಕ್ಕೂ ಮೀರಿದ ಅವಧಿ. ಬೆನ್ ನಿರ್ದೋಷಿ ಎಂದಾದರೆ ಅವರ ಎರಡು ವರ್ಷ ಹೋಯಿತು. ಮೊದಲ ವಾರದಲ್ಲೇ ಎಲ್ಲರೂ ಕೊಟ್ಟ ತೀರ್ಪಿನ ಪ್ರಕಾರ ದೋಷಿ ಎಂದಾದರೆ ಅವರನ್ನು ತಡೆದದ್ದು ಒಂದು ದೇಶ ಮಾತ್ರ.

ಪಟ್ಟಿಗಳೇ ಹೊಂದುವುದಿಲ್ಲ ಎಂಬುದು ಇನ್ನೊಂದು ತೊಡಕು. 2021ರ ಸೆಪ್ಟೆಂಬರ್ 10ರಂದು ಡಬ್ಲ್ಯುಬಿಸಿ ಸೂಪರ್ ಫೆದರ್‌ವೇಟ್ ಚಾಂಪಿಯನ್ ಆಸ್ಕರ್ ವಾಲ್ಡೆಜ್ ಅವರು ರಾಬ್ಸನ್ ಕಾನ್ಸೆಸಾವ್ ವಿರುದ್ಧ ಅರಿಜೋನಾದ ಟೂಸಾನ್‌ನಲ್ಲಿ ಪಟ್ಟ ಉಳಿಸಿಕೊಳ್ಳುವ ಮೊದಲು ಅವರ ‘ಎ’ ಮತ್ತು ‘ಬಿ’ ಎರಡೂ ಮಾದರಿಗಳಲ್ಲಿ ಫೆಂಟರ್‌ಮಿನ್ ಸಿಕ್ಕಿತ್ತು. ವಿಎಡಿಎ ಪಟ್ಟಿಯಲ್ಲಿ ಅದು ಯಾವಾಗಲೂ ನಿಷಿದ್ಧ, ವಾಡಾ ಪಟ್ಟಿಯಲ್ಲಿ ಸ್ಪರ್ಧೆಯ ಸಮಯದಲ್ಲಿ ಮಾತ್ರ. ಡಬ್ಲ್ಯುಬಿಸಿ ತಾನೇ ವಿಎಡಿಎಯನ್ನು ನೇಮಿಸಿಕೊಂಡು, ಕಷ್ಟ ಬಂದಾಗ ವಾಡಾ ಪಟ್ಟಿಯನ್ನು ಓದಿತು. ಇಂಥದ್ದನ್ನು ನಮ್ಮ ನ್ಯಾಯಾಲಯದಲ್ಲಿ ಕಕ್ಷಿದಾರನೊಬ್ಬ ಮಾಡಿದರೆ, ಒಮ್ಮೆ ಒಪ್ಪಿಕೊಂಡ ನಿಯಮದಿಂದ ಹಿಂದೆ ಸರಿಯಲು ಬಿಡುವುದಿಲ್ಲ.

ಹಾಗಾಗಿ ನೀಲಿ ಮೂಲೆಯವರ ಸಲಹೆಗೆ ನನ್ನ ಆಕ್ಷೇಪ ಇದೆ. ಬೆಲ್ಟನ್ನು ಎಲ್ಲರಿಂದಲೂ ತಡೆಹಿಡಿದರೆ ಸಿಕ್ಕಿಬೀಳದ ನೂರು ಜನರನ್ನೂ ಕಾಯಿಸಿದಂತಾಗುತ್ತದೆ. ಅದರ ಬದಲು ನಾವು ‘ಯಥಾಸ್ಥಿತಿ ಆದೇಶ’ ಎನ್ನುವಂಥದ್ದು ಬೇಕು. ‘ಎ’ ಮಾದರಿ ದೋಷ ತೋರಿಸಿದ ದಿನದಿಂದ ತೀರ್ಮಾನವಾಗುವವರೆಗೆ ಪಟ್ಟ ಯಾರೂ ಮಾರಲಾಗದ, ಪಣಕ್ಕಿಡಲಾಗದ ಸ್ಥಿತಿಯಲ್ಲಿರಬೇಕು.

ಮಲೆನಾಡಿನ ಓದುಗ:

ವಕೀಲರೇ, ಬ್ರಿಟನ್ನಿನ ಹೆವಿವೇಟ್ ಬಾಕ್ಸರ್ ಟೈಸನ್ ಫ್ಯೂರಿ ವಿಷಯ ಇದಕ್ಕೆ ಹೇಗೆ ಹೊಂದುತ್ತದೆ ಎಂದು ತಿಳಿಸುವಿರಾ? ಅವರ ಪ್ರಕರಣದಲ್ಲಿ ಕ್ಲಿಟ್ಷ್ಕೊ ಎದುರಿನ ಗೆಲುವು ಏಕೆ ಉಳಿಯಿತು ಎಂಬುದು ನನಗೆ ಇಂದಿಗೂ ಸ್ಪಷ್ಟವಾಗಿಲ್ಲ.

ಧಾರವಾಡದ ವಕೀಲ:

ಸ್ವಾಮಿ, ಮಾದರಿ ಪಡೆದದ್ದು 2015ರ ಫೆಬ್ರುವರಿಯಲ್ಲಿ, ಸಿಕ್ಕಿದ್ದು ನ್ಯಾಂಡ್ರೊಲೋನ್ ಎಂಬ ಸ್ಟೆರಾಯ್ಡ್. ಆರೋಪ ಹೊರಿಸಿದ್ದು 2016ರ ಜೂನ್‌ನಲ್ಲಿ. ನಡುವೆ 2015ರ ನವೆಂಬರ್ 28ರಂದು ಡ್ಯುಸೆಲ್‌ಡಾರ್ಫ್‌ನಲ್ಲಿ ಫ್ಯೂರಿ ಅವರು ವ್ಲಾದಿಮಿರ್ ಕ್ಲಿಟ್ಷ್ಕೊ ಅವರನ್ನು ಸೋಲಿಸಿ ಹೆವಿವೇಟ್ ಪಟ್ಟಗಳನ್ನು ಗೆದ್ದುಬಿಟ್ಟಿದ್ದರು. ಕಾಡುಹಂದಿಯ ಮಾಂಸ ತಿಂದದ್ದರಿಂದ ಬಂತು ಎಂಬುದು ಅವರ ವಾದ. 2017ರ ಡಿಸೆಂಬರ್‌ನಲ್ಲಿ ರಾಜಿಯಾಯಿತು. 2015ರ ಡಿಸೆಂಬರ್‌ನಿಂದ ಪೂರ್ವಾನ್ವಯವಾಗಿ ಎರಡು ವರ್ಷದ ನಿಷೇಧ ಎಂದು ಬರೆದರು. ಅದು ಬರೆಯುವ ಹೊತ್ತಿಗೇ ಮುಗಿದಿತ್ತು. 2015ರ ಅದೇ ಫೆಬ್ರುವರಿಯಲ್ಲಿ ಕ್ರಿಶ್ಚಿಯನ್ ಹ್ಯಾಮರ್ ವಿರುದ್ಧ ಗಳಿಸಿದ್ದ ಗೆಲುವನ್ನು ಅನರ್ಹಗೊಳಿಸಿದರು, ಕ್ಲಿಟ್ಷ್ಕೊ ವಿರುದ್ಧದ್ದನ್ನು ಮುಟ್ಟಲಿಲ್ಲ. ಮಾದರಿ ಯಾವ ಹೋರಾಟದ್ದೋ ಅದೇ ಹೋರಾಟಕ್ಕೆ ಶಿಕ್ಷೆ ಎಂಬ ತರ್ಕ. ನನಗೆ ಅದು ಕಾನೂನಿನ ಪ್ರಕಾರ ಸಮರ್ಥನೀಯವೆನಿಸುತ್ತದೆ. ಹದಿನಾರು ತಿಂಗಳ ವಿಳಂಬ ಮಾತ್ರ ಸಮರ್ಥನೀಯವಲ್ಲ.

ಗರಡಿಮನೆ:

ದೊಡ್ಡವರ ಮಾತಿನ ನಡುವೆ ಬರುತ್ತಿದ್ದೇನೆ, ಕ್ಷಮಿಸಿ. ನಾನು ದಸರಾ ಕುಸ್ತಿ ನೋಡುತ್ತ ಬೆಳೆದವನು. ನಮ್ಮಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ಚಿತ್, ಅಲ್ಲಿಗೆ ಮುಗಿಯಿತು. ಆದ್ದರಿಂದ ಕಾಗದದ ಮೇಲಿನ ತಿದ್ದುಪಡಿಗಳು ನನ್ನ ಮನಸ್ಸಿಗೆ ಅಷ್ಟಾಗಿ ಹತ್ತುವುದಿಲ್ಲ. ನನಗೆ ನೆನಪಾಗುವುದು ಜಪಾನಿನ ಶಿನ್ಸುಕೆ ಯಮನಾಕಾ.

ಯಮನಾಕಾ ಡಬ್ಲ್ಯುಬಿಸಿ ಬ್ಯಾಂಟಮ್‌ವೇಟ್ ಪಟ್ಟವನ್ನು ಹನ್ನೆರಡು ಸಲ ಉಳಿಸಿಕೊಂಡಿದ್ದರು. ಹದಿಮೂರನೆಯದಾಗಿದ್ದರೆ ಯೊಕೊ ಗುಶಿಕೆನ್ ಅವರ ಜಪಾನೀ ದಾಖಲೆಗೆ ಸಮ. 2017ರ ಆಗಸ್ಟ್ 15ರಂದು ಕ್ಯೋಟೊದಲ್ಲಿ ಮೆಕ್ಸಿಕೋದ ಲೂಯಿಸ್ ನೆರಿ ಯಮನಾಕಾ ಅವರನ್ನು ನಾಲ್ಕನೇ ಸುತ್ತಿನಲ್ಲಿ ಸೋಲಿಸಿ ಬೆಲ್ಟ್ ಕೊಂಡೊಯ್ದರು. ಆಮೇಲೆ ತಿಳಿಯಿತು, ಹೋರಾಟಕ್ಕೆ ಮುನ್ನ ಪಡೆದ ನೆರಿ ಮಾದರಿಯಲ್ಲಿ ಜಿಲ್‌ಪೆಟೆರಾಲ್ ಇತ್ತು. ಮಾಂಸದಿಂದ ಬಂದಿರಬಹುದು ಎಂದು ಡಬ್ಲ್ಯುಬಿಸಿ ಒಪ್ಪಿತು, ಬೆಲ್ಟನ್ನು ನೆರಿ ಬಳಿಯೇ ಬಿಟ್ಟಿತು, ಮರುಹೋರಾಟಕ್ಕೆ ಆದೇಶಿಸಿತು. 2018ರ ಮಾರ್ಚ್ 1ರ ಆ ಮರುಹೋರಾಟಕ್ಕೆ ನೆರಿ ತೂಕ ಮೀರಿ ಬಂದರು, ಬೆಲ್ಟ್ ತಕ್ಕಡಿಯ ಮೇಲೆಯೇ ಹೋಯಿತು. ಆದರೂ ಹೋರಾಟ ನಡೆಯಿತು. ಎರಡನೇ ಸುತ್ತಿನಲ್ಲಿ ಯಮನಾಕಾ ಮತ್ತೆ ಬಿದ್ದರು, ವೃತ್ತಿಜೀವನ ಅಲ್ಲಿಗೆ ಮುಗಿಯಿತು. ಜಪಾನಿನ ಬಾಕ್ಸಿಂಗ್ ಆಯೋಗ ನೆರಿ ಅವರನ್ನು ತನ್ನ ನೆಲದಲ್ಲಿ ಆಡದಂತೆ ನಿಷೇಧಿಸಿತು.

ಮಾದರಿ ಪಡೆದದ್ದು ಮೊದಲ ಹೋರಾಟದ ಮುನ್ನ, ವರದಿ ಬಂದದ್ದು ನಂತರ. ವರದಿ ಕೆಲವು ದಿನ ಮೊದಲೇ ಬಂದಿದ್ದರೆ ಯಮನಾಕಾ ಆ ರಾತ್ರಿ ಕಣಕ್ಕೇ ಇಳಿಯುತ್ತಿರಲಿಲ್ಲ. ಬೆಲ್ಟ್ ಯಾರದು ಎನ್ನುವ ಮೊದಲು ನಾವು ಇದನ್ನು ಕೇಳಬೇಕಲ್ಲವೇ? ವರದಿ ಕೈಗೆ ಬಾರದೆ ಗಂಟೆ ಬಾರಿಸಲು ಬಿಡುವುದೇ ತಪ್ಪಲ್ಲವೇ?

ಹನ್ನೆರಡನೇ ಸುತ್ತು:

ಗರಡಿಮನೆಯವರ ಮಾತು ಎದೆಗೆ ತಟ್ಟಿತು. ಅದಕ್ಕೆ ಹೊಂದಿಕೊಂಡೇ, ವರದಿ ಸಕಾಲಕ್ಕೆ ಬಂದರೂ ಪೆಟ್ಟು ತಿಂದ ಒಬ್ಬರ ಕತೆ ಹೇಳುತ್ತೇನೆ. ಕನೆಲೊ ಸಿಕ್ಕಿಬಿದ್ದಾಗ 2018ರ ಮೇ 5ರ ಮರುಹೋರಾಟ ರದ್ದಾಯಿತು. ನೆವಾಡಾ ಆಯೋಗ ಅವರನ್ನು ಆರು ತಿಂಗಳು ಅಮಾನತುಗೊಳಿಸಿತು. ಎದುರಾಳಿ ಗೆನ್ನಡಿ ಗೊಲೊವ್ಕಿನ್ ಯಾವ ತಪ್ಪನ್ನೂ ಮಾಡಿರಲಿಲ್ಲ. ಅವರು ಅದೇ ದಿನಾಂಕವನ್ನು ಉಳಿಸಿಕೊಂಡು ಕ್ಯಾಲಿಫೋರ್ನಿಯಾದ ಕಾರ್ಸನ್‌ನಲ್ಲಿ ವಾನೆಸ್ ಮಾರ್ಟಿರೊಸ್ಯಾನ್ ಜೊತೆ ಹೋರಾಡಿ ಎರಡನೇ ಸುತ್ತಿನಲ್ಲಿ ಗೆದ್ದರು. ಐಬಿಎಫ್ ಆ ಹೋರಾಟಕ್ಕೆ ಮಾನ್ಯತೆ ಕೊಡಲಿಲ್ಲ. ನಿಗದಿತ ಎದುರಾಳಿಯೊಂದಿಗೆ ಹೋರಾಡಲಿಲ್ಲವೆಂದು ಜೂನ್‌ನಲ್ಲಿ ಗೊಲೊವ್ಕಿನ್ ಅವರ ಬೆಲ್ಟನ್ನೇ ಕಿತ್ತುಕೊಂಡಿತು. ಸೆಪ್ಟೆಂಬರ್ 15ರಂದು ಅಮಾನತು ಮುಗಿಸಿ ಬಂದ ಕನೆಲೊ ಬಹುಮತದ ತೀರ್ಪಿನಿಂದ ಉಳಿದ ಬೆಲ್ಟುಗಳನ್ನೂ ಗೆದ್ದರು. ಮದ್ದು ಸಿಕ್ಕಿದ್ದು ಒಬ್ಬರ ದೇಹದಲ್ಲಿ, ಬೆಲ್ಟ್ ಹೋದದ್ದು ಇನ್ನೊಬ್ಬರದು.

ನೀಲಿ ಮೂಲೆ:

ಎಲ್ಲರಿಗೂ ಉತ್ತರಿಸುತ್ತೇನೆ. ನನ್ನ ಮೊದಲ ಸಲಹೆ ಸಾಲದು ಎಂದು ಒಪ್ಪುತ್ತೇನೆ. ಪೀಟರ್ಸನ್ ಪ್ರಕರಣವನ್ನು ಅದು ಮುಟ್ಟುವುದಿಲ್ಲ, ಗೊಲೊವ್ಕಿನ್ ಅವರನ್ನು ಕಾಪಾಡುವುದಿಲ್ಲ. ವಕೀಲರು ಹೇಳಿದ ಯಥಾಸ್ಥಿತಿಯ ಮಾತನ್ನು ಸ್ವೀಕರಿಸಿ, ಅದಕ್ಕೆ ಎರಡು ಸಂಗತಿಗಳನ್ನು ಜೋಡಿಸುತ್ತೇನೆ.

ಮೊದಲನೆಯದು, ಒಂದು ಹೋರಾಟಕ್ಕೆ ಎರಡು ತೀರ್ಪು ಇರಕೂಡದು. ಆಯೋಗ ಗೆಲುವನ್ನು ಅಳಿಸಿದರೆ ಬೆಲ್ಟ್ ಅದರ ಹಿಂದೆಯೇ ಹೋಗಬೇಕು, 2005ರಲ್ಲಿ ರೂಯಿಜ್‌ಗೆ ಮರಳಿದ ಹಾಗೆ. ಆಯೋಗ ಗೆಲುವನ್ನು ಉಳಿಸಿದರೆ ಬೆಲ್ಟೂ ಉಳಿಯಬೇಕು. ಪ್ರತಿ ಸಂಸ್ಥೆಯೂ ತನ್ನದೇ ವೈದ್ಯರನ್ನು ಕೂರಿಸಿಕೊಂಡು ತನ್ನದೇ ನ್ಯಾಯ ಹೇಳುವುದು ನಿಲ್ಲಬೇಕು. ಆಯೋಗವೇ ಕಣ್ಣು ಮುಚ್ಚಿಕೊಂಡರೆ ಏನು ಎಂದು ವಕೀಲರು ಕೇಳಬಹುದು. ಆ ಅಪಾಯ ಇದೆ. ಆದರೆ ಸರ್ಕಾರಿ ಆಯೋಗ ಕಣ್ಣು ಮುಚ್ಚಿದರೆ ಅದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಬಹುದು. ಖಾಸಗಿ ಸಂಸ್ಥೆ ಕಣ್ಣು ಮುಚ್ಚಿದರೆ ಖಾನ್ ಅಂಥವರಿಗೆ ಹೋಗಲು ಇರುವ ಬಾಗಿಲು ಬಹಳ ಕಿರಿದು.

ಎರಡನೆಯದು, ಎದುರಾಳಿ ಸಿಕ್ಕಿಬಿದ್ದ ಕಾರಣ ಹೋರಾಟ ತಪ್ಪಿದ ಚಾಂಪಿಯನ್‌ಗೆ ಪಟ್ಟದ ಎಲ್ಲ ಗಡುವುಗಳೂ ಅಷ್ಟು ಕಾಲ ನಿಲ್ಲಬೇಕು. ಇದಕ್ಕೆ ಯಾವ ವಿಜ್ಞಾನವೂ ಬೇಡ, ಒಂದು ವಾಕ್ಯದ ನಿಯಮ ಸಾಕು.

ಗರಡಿಮನೆಯವರ ಪ್ರಶ್ನೆ ಇವೆಲ್ಲಕ್ಕಿಂತ ದೊಡ್ಡದು. ಪ್ರಯೋಗಾಲಯದ ಮೇಡಂ ಅವರಲ್ಲಿ ನನ್ನ ವಿನಂತಿ: ಹೋರಾಟದ ಹಿಂದಿನ ದಿನದ ಮಾದರಿಯ ವರದಿಯನ್ನು ಗಂಟೆ ಬಾರಿಸುವ ಮೊದಲು ಕೊಡಲು ಸಾಧ್ಯವೇ?

ಪ್ರಯೋಗಾಲಯದಿಂದ:

ಯಂತ್ರದ ಮಟ್ಟಿಗೆ ಹೇಳುವುದಾದರೆ, ಮೊದಲ ಹಂತದ ಶೋಧನೆಯನ್ನು ಒಂದು ದಿನದಲ್ಲಿ ಮಾಡಬಹುದು, ಒಲಿಂಪಿಕ್ಸ್‌ನಂಥ ಕೂಟಗಳಲ್ಲಿ ಪ್ರಯೋಗಾಲಯ ಹಗಲಿರುಳು ನಡೆದು ಹೆಚ್ಚುಕಡಿಮೆ ಅಷ್ಟೇ ಸಮಯದಲ್ಲಿ ಫಲಿತಾಂಶ ಕೊಡುತ್ತದೆ. ದೃಢೀಕರಣಕ್ಕೆ ಇನ್ನೂ ಸಮಯ ಬೇಕು. ಶೋಧನೆಯಲ್ಲಿ ಅನುಮಾನ ಕಂಡದ್ದೆಲ್ಲವೂ ದೃಢವಾಗುವುದಿಲ್ಲ ಎಂಬುದನ್ನೂ ಮರೆಯಬಾರದು. ಗಾರ್ಸಿಯಾ ಪ್ರಕರಣದಲ್ಲಿಯೇ ಮೊದಲ ಶೋಧನೆಯಲ್ಲಿ ಆಸ್ಟರಿನ್ ಜೊತೆ ಇನ್ನೊಂದು ವಸ್ತುವಿನ ಸುಳಿವೂ ಕಂಡಿತ್ತು, ಅದು ಮುಂದೆ ದೃಢವಾಗಲಿಲ್ಲ. ಅರ್ಧ ವರದಿಯ ಮೇಲೆ ಹೋರಾಟ ನಿಲ್ಲಿಸಿದರೆ ನಿರಪರಾಧಿಗೂ ಪೆಟ್ಟು ಬೀಳುತ್ತದೆ.

ಆದ್ದರಿಂದ ನನ್ನ ಉತ್ತರ, ಹಿಂದಿನ ದಿನಕ್ಕಿಂತ ಹತ್ತು ಹನ್ನೆರಡು ದಿನ ಮೊದಲು ಪಡೆದ ಮಾದರಿಗಳ ಪೂರ್ಣ ವರದಿ ಕೈಯಲ್ಲಿಲ್ಲದೆ ಪಟ್ಟದ ಹೋರಾಟಕ್ಕೆ ಅನುಮತಿ ಕೊಡಬಾರದು ಎಂಬುದು. ಯಮನಾಕಾ ಅವರಿಗೆ ಅಷ್ಟೇ ಸಾಕಾಗಿತ್ತು. ಕೊನೆಯ ಎರಡು ದಿನಗಳ ಮಾದರಿಗೆ ನೀವೂ ವಕೀಲರೂ ಹೇಳಿದ ಯಥಾಸ್ಥಿತಿಯೇ ದಾರಿ.

ಜೆರ್ಸಿ ಕನ್ನಡಿಗ:

ಮೇಡಂ, ಧನ್ಯವಾದ. ನನಗೆ ಉತ್ತರ ಸಿಕ್ಕಿದ್ದು ಬೆಲ್ಟಿನ ಬಗ್ಗೆ. ಆ ಹೋರಾಟದ ಬಗ್ಗೆ ಇನ್ನೂ ಸಿಕ್ಕಿಲ್ಲ. 2025ರ ಮೇ 2ರಂದು ಟೈಮ್ಸ್ ಸ್ಕ್ವೇರ್‌ನಲ್ಲಿ ಇಬ್ಬರನ್ನೂ ಒಂದೇ ರಾತ್ರಿ ಬೇರೆ ಬೇರೆ ಎದುರಾಳಿಗಳೊಂದಿಗೆ ಕಣಕ್ಕಿಳಿಸಿದ್ದರು. ಇಬ್ಬರೂ ಗೆದ್ದರೆ ಮರುಹೋರಾಟ ಎಂಬುದು ಲೆಕ್ಕಾಚಾರ. ಹೇನಿ ಹೊಸೆ ರಾಮಿರೆಜ್ ಅವರನ್ನು ಸೋಲಿಸಿದರು, ಆದರೆ ಹನ್ನೆರಡು ಸುತ್ತೂ ದೂರ ದೂರವೇ ಸರಿದಾಡಿದರು. ಗಾರ್ಸಿಯಾ ರೋಲಿ ರೊಮೆರೊ ಎದುರು ಸೋತರು. ಹಾಗಾಗಿ 2024ರ ಏಪ್ರಿಲ್ 20ರ ಆ ಸಾಲಿನಲ್ಲಿ ಈಗಲೂ ಗೆದ್ದವರ ಹೆಸರಿಲ್ಲ. ಹೇನಿ ಮೇ 2ರಂದು ಹೆಜ್ಜೆ ಹೆಜ್ಜೆಗೂ ಹಿಂದೆ ಸರಿಯುತ್ತಿದ್ದುದನ್ನು ನೋಡುವಾಗ ನನಗೆ ಏಳನೇ ಸುತ್ತೇ ನೆನಪಾಗುತ್ತಿತ್ತು.